ಉಪ್ಪು ತಿಂದದ್ದು ರಸ್ತೆ, ನೀರು ಕುಡಿಯುವವರು ಯಾರು?

ಅಮೆರಿಕದ ಮಿನ್ನೆಸೋಟದಲ್ಲೋ ಕೆನಡಾದ ಟೊರಾಂಟೊದಲ್ಲೋ ಮಗನೋ ಮಗಳೋ ನೆಲೆಸಿರುವ ಮನೆಗಳಲ್ಲಿ ಜನವರಿ ತಿಂಗಳ ಫೋನಿನ ಮಾತು ಹೆಚ್ಚುಕಡಿಮೆ ಒಂದೇ ಬಗೆಯದು. ಎಷ್ಟು ಚಳಿ, ಎಷ್ಟು ಹಿಮ ಬಿತ್ತು, ಬಾಗಿಲ ಮುಂದಿನ ಹಿಮ ಎತ್ತಿ ಹಾಕಿ ಸೊಂಟ ಹೇಗೆ ಹಿಡಿದುಕೊಂಡಿತು ಎಂಬುದೆಲ್ಲ ಮುಗಿದ ಮೇಲೆ ಇನ್ನೊಂದು ಸುದ್ದಿ ಬರುತ್ತದೆ: ‘ಇವತ್ತು ಸ್ವಲ್ಪ ಬಿಸಿಲು ಬಂದಿತ್ತಮ್ಮ, ಕಾರು ತೊಳೆಸಿಕೊಂಡು ಬಂದೆ. ಒಂದು ಗಂಟೆ ಕ್ಯೂ ನಿಲ್ಲಬೇಕಾಯಿತು.’

ಈ ಕಡೆ ಅಮ್ಮನಿಗೆ ಇದು ಅರ್ಥವಾಗುವುದಿಲ್ಲ. ಉಷ್ಣತೆ ಮೈನಸ್ ಇಪ್ಪತ್ತಕ್ಕೆ ಇಳಿಯುವ ಊರಿನಲ್ಲಿ, ಕೈ ಹೊರಗಿಟ್ಟರೆ ಮರಗಟ್ಟುವ ಕಾಲದಲ್ಲಿ, ನಮ್ಮ ಊರಿನಂತೆ ಕೆಂಪು ಧೂಳೂ ಇಲ್ಲದಿರುವಾಗ ಕಾರು ತೊಳೆಯುವ ಅವಸರವಾದರೂ ಏನು? ಹಿಮವೆಲ್ಲ ಕರಗಿದ ಮೇಲೆ ಯುಗಾದಿಯ ಹೊತ್ತಿಗೆ ಒಮ್ಮೆಲೇ ತಿಕ್ಕಿ ತೊಳೆದರೆ ಆಗದೆ?

ಅಮ್ಮನ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಹುಡುಕುತ್ತ ಹೊರಟರೆ ರಸಾಯನಶಾಸ್ತ್ರದ ಪಾಠ, ಇತಿಹಾಸದ ಒಂದು ಪುಟ, ಕೊನೆಗೆ ಒಂದು ಊರಿನ ಮಕ್ಕಳ ದುಃಖ ಇವೆಲ್ಲ ದಾರಿಯಲ್ಲಿ ಸಿಗುತ್ತವೆ. ಆ ಕಾರಿನ ಮೇಲೆ ಕೂತಿರುವುದು ಧೂಳಲ್ಲ. ಬಿಳಿಯ ಬೂದಿಯಂತೆ ಬಾಗಿಲಿಗೆ, ಚಕ್ರದ ಮಡ್‌ಗಾರ್ಡಿಗೆ, ಕಣ್ಣಿಗೆ ಕಾಣದ ತಳಭಾಗಕ್ಕೆಲ್ಲ ಮೆತ್ತಿಕೊಂಡಿರುವುದು ಉಪ್ಪು. ನಾವು ಸಾರಿಗೆ ಹಾಕುವ ಅದೇ ಸೋಡಿಯಂ ಕ್ಲೋರೈಡ್.

ರಸ್ತೆಗೆ ಉಪ್ಪೇಕೆ?

ಶುದ್ಧ ನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ ಎಂದು ಹೈಸ್ಕೂಲಿನ ಮಕ್ಕಳೆಲ್ಲ ಬಲ್ಲರು. ಆ ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆಯಿಂದ ಕೆಲವು ಅಣುಗಳು ಬಿಡಿಸಿಕೊಂಡು ನೀರಿಗೆ ಬರುತ್ತಿರುತ್ತವೆ, ಅಷ್ಟೇ ಅಣುಗಳು ನೀರಿನಿಂದ ಗಡ್ಡೆಗೆ ಹೋಗಿ ಸೇರುತ್ತಿರುತ್ತವೆ. ಹೋಗುವವರು, ಬರುವವರು ಸಮಸಮ. ಈಗ ಆ ನೀರಿಗೆ ಉಪ್ಪು ಹಾಕಿ. ಉಪ್ಪಿನ ಅಯಾನುಗಳು ನೀರಿನ ಅಣುಗಳ ನಡುವೆ ಸೇರಿಕೊಳ್ಳುತ್ತವೆ. ಗಡ್ಡೆಗೆ ಮರಳುವ ನೀರಿನ ಅಣುಗಳ ಸಂಖ್ಯೆ ಕಡಿಮೆಯಾಗುತ್ತದೆ. ಬಿಡಿಸಿಕೊಂಡು ಬರುವವು ಮಾತ್ರ ಬರುತ್ತಲೇ ಇರುತ್ತವೆ. ಹೀಗಾಗಿ ಗಡ್ಡೆ ಕರಗತೊಡಗುತ್ತದೆ. ಅದೇ ನೀರು ಮತ್ತೆ ಹೆಪ್ಪುಗಟ್ಟಬೇಕಾದರೆ ಇನ್ನೂ ಹೆಚ್ಚಿನ ಚಳಿ ಬೇಕು.

ಎಷ್ಟು ಹೆಚ್ಚಿನ ಚಳಿ? ನೂರು ಗ್ರಾಂ ದ್ರಾವಣದಲ್ಲಿ ಹತ್ತು ಗ್ರಾಂ ಉಪ್ಪಿದ್ದರೆ ಅದು ಸುಮಾರು ಮೈನಸ್ 6.5 ಡಿಗ್ರಿಯವರೆಗೆ ನೀರಾಗಿಯೇ ಉಳಿಯುತ್ತದೆ. ಉಪ್ಪು 23.3 ಗ್ರಾಂ ಆದಾಗ ಮೈನಸ್ 21 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ. ಅಲ್ಲಿಗೆ ಅದರ ಶಕ್ತಿ ಮುಗಿಯಿತು. ಇದು ಪ್ರಯೋಗಶಾಲೆಯ ಲೆಕ್ಕ. ರಸ್ತೆಯ ಮೇಲೆ ಉಪ್ಪು ಕರಗಿ ಕೆಲಸ ಮಾಡಲು ಸಮಯವೂ ಬೇಕಾದ್ದರಿಂದ ಮೈನಸ್ 9 ಡಿಗ್ರಿಯ ಕೆಳಗೆ ಸಾದಾ ಉಪ್ಪಿನಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂದು ಅಲ್ಲಿನ ರಸ್ತೆ ಇಲಾಖೆಯವರು ಹೇಳುತ್ತಾರೆ. ಆಗ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಎಂಬ ಬೇರೆ ಲವಣಗಳನ್ನು ಹಾಕುತ್ತಾರೆ. ಇಲ್ಲವೇ ಜಾರದಿರಲೆಂದು ಮರಳು ಚೆಲ್ಲುತ್ತಾರೆ.

ಈ ಪದ್ಧತಿ ಬಹಳ ಹಳೆಯದೇನಲ್ಲ. ಕುದುರೆಗಳು ಎಳೆಯುವ ಜಾರುಬಂಡಿಯ ಕಾಲದಲ್ಲಿ ಹಿಮ ಶತ್ರುವಾಗಿರಲಿಲ್ಲ, ಬೇಕಾದ ವಸ್ತುವಾಗಿತ್ತು. ನ್ಯೂ ಇಂಗ್ಲೆಂಡ್ ಪ್ರಾಂತದ ಹಳ್ಳಿಗಳಲ್ಲಿ ದೊಡ್ಡ ಉರುಳೆಗಳಿಂದ ಹಿಮವನ್ನು ದಮ್ಮಸ್ಸು ಮಾಡಿ ಗಟ್ಟಿ ದಾರಿ ಮಾಡುತ್ತಿದ್ದರು. ಮಾಡು ಹೊದಿಸಿದ ಮರದ ಸೇತುವೆಗಳ ಒಳಗೆ ಹಿಮ ಬೀಳುತ್ತಿರಲಿಲ್ಲವಾದ್ದರಿಂದ ಹೊರಗಿನಿಂದ ಹಿಮ ಹೊತ್ತು ತಂದು ಒಳಗೆ ಹರಡುವುದಕ್ಕೇ ಆಳುಗಳಿರುತ್ತಿದ್ದರು! ಕಾರು ಬಂದ ಮೇಲೆ ಎಲ್ಲವೂ ತಿರುವುಮುರುವಾಯಿತು. ರಬ್ಬರಿನ ಚಕ್ರಕ್ಕೆ ಬರಿಯ ರಸ್ತೆಯೇ ಬೇಕು. 1941-42ರ ಚಳಿಗಾಲದಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯ ರಸ್ತೆಗೆ ಉಪ್ಪು ಹಾಕುವುದನ್ನು ಒಂದು ಕ್ರಮವಾಗಿಯೇ ಆರಂಭಿಸಿತು. ಎರಡನೆಯ ಮಹಾಯುದ್ಧ ಮುಗಿದು ಹೆದ್ದಾರಿಗಳೂ ಕಾರುಗಳೂ ಹೆಚ್ಚಿದಂತೆ ಉಪ್ಪಿನ ರಾಶಿಯೂ ಬೆಳೆಯಿತು. ಈಗ ಅಮೆರಿಕದ ರಸ್ತೆಗಳು ಒಂದು ವರ್ಷಕ್ಕೆ ತಿನ್ನುವ ಉಪ್ಪು ಸುಮಾರು ಎರಡು ಕೋಟಿ ಟನ್ನು.

ಇಷ್ಟು ಉಪ್ಪು ಸಮುದ್ರದ್ದಲ್ಲ. ಬಹುಪಾಲು ನೆಲದಡಿಯ ಗಣಿಗಳಿಂದ ಬರುತ್ತದೆ. ಕೆನಡಾದ ಗಾಡ್ರಿಚ್ ಎಂಬಲ್ಲಿ ಹುರಾನ್ ಸರೋವರದ ತಳದಿಂದಲೂ ಕೆಳಗೆ, ಸುಮಾರು 550 ಮೀಟರ್ ಆಳದಲ್ಲಿ, ಭಾರಿ ಉಪ್ಪಿನ ಗಣಿಯಿದೆ. ಕೋಟ್ಯಂತರ ವರ್ಷಗಳ ಹಿಂದೆ ಬತ್ತಿದ ಕಡಲಿನ ಉಪ್ಪು ಅದು. ಮೇಲೆ ಸಿಹಿನೀರಿನ ಮಹಾಸರೋವರ, ಅದರ ಕೆಳಗೆ ಉಪ್ಪಿನ ಭಂಡಾರ. ಎರಡೂ ಬೆರೆಯದಂತೆ ನಡುವೆ ಬಂಡೆಯ ಹಾಸು. ಪ್ರಕೃತಿ ಮುಚ್ಚಿಟ್ಟಿದ್ದನ್ನು ಮನುಷ್ಯ ಮೇಲೆತ್ತಿ ರಸ್ತೆಗೆ ಸುರಿದ. ಮುಂದಿನ ಕಥೆಗೆ ಈ ಹುರಾನ್ ಸರೋವರದ ಹೆಸರನ್ನು ನೆನಪಿಟ್ಟುಕೊಳ್ಳಿ.

ತುಕ್ಕಿನ ಲೆಕ್ಕಾಚಾರ

ಮಂಗಳೂರು, ಮಲ್ಪೆ, ಕಾರವಾರದ ಕಡೆಯವರಿಗೆ ತುಕ್ಕಿನ ವಿಷಯ ಹೇಳಿಕೊಡಬೇಕಿಲ್ಲ. ಕಡಲ ಗಾಳಿಗೆ ಕಿಟಕಿಯ ಸರಳು, ಗೇಟು, ಸೈಕಲ್ಲಿನ ಚೈನು ಎಷ್ಟು ಬೇಗ ಕೆಂಪಾಗಿ ಉದುರುತ್ತವೆ ಎಂಬುದನ್ನು ಅವರು ದಿನವೂ ನೋಡುತ್ತಾರೆ. ಕಡಲೇ ಇಲ್ಲದ ಮಿನ್ನೆಸೋಟದಲ್ಲಿ ಚಳಿಗಾಲದ ನಾಲ್ಕೈದು ತಿಂಗಳು ಕಾರುಗಳು ಅದೇ ಪಾಡನ್ನು ಪಡುತ್ತವೆ.

ಕಬ್ಬಿಣ ತುಕ್ಕು ಹಿಡಿಯುವುದೆಂದರೆ ಅದರ ಮೈಮೇಲೆ ನೂರಾರು ಪುಟ್ಟ ಬ್ಯಾಟರಿಗಳು ಕೆಲಸ ಮಾಡಿದಂತೆ. ನೀರಿನ ಹನಿಯೊಂದು ಕೂತ ಜಾಗದಲ್ಲಿ ಕಬ್ಬಿಣದ ಪರಮಾಣು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ತಾನು ಅಯಾನಾಗಿ ನೀರಿಗಿಳಿಯುತ್ತದೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಪಕ್ಕದ ಜಾಗಕ್ಕೆ ಹೋಗಿ ಅಲ್ಲಿ ನೀರು ಮತ್ತು ಆಮ್ಲಜನಕದೊಂದಿಗೆ ಕೂಡುತ್ತವೆ. ಎರಡೂ ಕಡೆಯ ಉತ್ಪನ್ನಗಳು ಸೇರಿ ತುಕ್ಕು. ಈ ವಿದ್ಯುತ್ ಮಂಡಲ ಪೂರ್ತಿಯಾಗಬೇಕಾದರೆ ನೀರಿನಲ್ಲಿಯೂ ವಿದ್ಯುತ್ತು ಹರಿಯಬೇಕು. ಬರೀ ನೀರು ಒಳ್ಳೆಯ ವಾಹಕವಲ್ಲ, ಉಪ್ಪುನೀರು ಒಳ್ಳೆಯ ವಾಹಕ. ಸಾಲದ್ದಕ್ಕೆ ಲೋಹದ ಮೇಲೆ ತಾನಾಗಿಯೇ ಕಟ್ಟಿಕೊಳ್ಳುವ ತೆಳುವಾದ ರಕ್ಷಣಾ ಪದರವನ್ನು ಕ್ಲೋರೈಡ್ ಅಯಾನು ಮುರಿಯುತ್ತದೆ. ಉಪ್ಪಿಗೆ ತೇವವನ್ನು ಹೀರಿಕೊಳ್ಳುವ ಗುಣವೂ ಇರುವುದರಿಂದ ಆ ಜಾಗ ಬೇಗ ಒಣಗುವುದೂ ಇಲ್ಲ.

ಕಾರು ಮಾಡುವವರು ಇದನ್ನರಿತು ತಗಡಿಗೆ ಸತುವಿನ ಲೇಪ ಕೊಡುತ್ತಾರೆ. ಸತುವು ಕಬ್ಬಿಣಕ್ಕಿಂತ ಮೊದಲು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ಮನೆಯಲ್ಲಿ ಹಿರಿಯಣ್ಣ ಪೆಟ್ಟು ತಾನು ತಿಂದು ತಮ್ಮನನ್ನು ಉಳಿಸಿದ ಹಾಗೆ. ಆದ್ದರಿಂದ ಈಗಿನ ಕಾರುಗಳ ಮೈ ಹಿಂದಿನವುಗಳಷ್ಟು ಬೇಗ ತೂತಾಗುವುದಿಲ್ಲ. ಆದರೆ ತಳದಲ್ಲಿ ಓಡುವ ಬ್ರೇಕಿನ ಉಕ್ಕಿನ ಕೊಳವೆಗಳು, ಸೈಲೆನ್ಸರ್, ಬೋಲ್ಟುಗಳು ಇವುಗಳ ಪಾಡು ಬೇರೆ. ಬ್ರೇಕಿನ ಕೊಳವೆ ತುಕ್ಕು ಹಿಡಿದು ಒಡೆದರೆ ಬ್ರೇಕೇ ಇಲ್ಲ! ಇಂಥ ದೂರುಗಳನ್ನು ಪರಿಶೀಲಿಸಿದ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2015ರಲ್ಲಿ ವಾಹನ ಮಾಲೀಕರಿಗೆ ಕೊಟ್ಟ ಸಲಹೆಗಳಲ್ಲಿ ಒಂದು, ಚಳಿಗಾಲದುದ್ದಕ್ಕೂ ಕಾರಿನ ತಳಭಾಗವನ್ನು ಆಗಾಗ ತೊಳೆಯಿರಿ ಎಂಬುದು. ಅಂದಮೇಲೆ ಗಂಟೆಗಟ್ಟಲೆ ಕ್ಯೂ ನಿಲ್ಲುವ ಮಗ ಶೋಕಿಗಾಗಿ ನಿಂತಿಲ್ಲ, ಪ್ರಾಣದ ಭಯಕ್ಕೂ ನಿಂತಿದ್ದಾನೆ.

ಇಲ್ಲಿ ಒಂದು ಸೋಜಿಗವುಂಟು. ಪಾಪ, ಚಳಿಯಲ್ಲಿ ನಿಂತಿದೆಯಲ್ಲ ಎಂದು ಉಪ್ಪು ಮೆತ್ತಿದ ಕಾರನ್ನು ಬೆಚ್ಚಗಿನ ಗ್ಯಾರೇಜಿನೊಳಗೆ ತಂದು ನಿಲ್ಲಿಸಿದರೆ ಅದಕ್ಕೆ ಹೆಚ್ಚಿನ ಹಾನಿ. ಕೊರೆಯುವ ಚಳಿಯಲ್ಲಿ ರಾಸಾಯನಿಕ ಕ್ರಿಯೆ ನಿಧಾನ. ಬೆಚ್ಚಗಾದೊಡನೆ ಮೆತ್ತಿದ ಹಿಮ ಕರಗಿ ಉಪ್ಪುನೀರಾಗುತ್ತದೆ, ತುಕ್ಕಿನ ಕೆಲಸ ಚುರುಕಾಗುತ್ತದೆ. ತೊಳೆಯದೆ ಬೆಚ್ಚಗಿಡುವುದಕ್ಕಿಂತ ತೊಳೆದು ಚಳಿಯಲ್ಲಿ ನಿಲ್ಲಿಸುವುದು ಮೇಲು.

ಚಳಿಯಲ್ಲಿ ತೊಳೆಯುವ ಬಗೆ

ಹಾಗೆಂದು ಯಾವಾಗೆಂದರೆ ಆವಾಗ ತೊಳೆಯಲು ಬರುವುದಿಲ್ಲ. ಉಷ್ಣತೆ ಸೊನ್ನೆಯಿಂದ ಮೇಲೆ ಏರುವ ದಿನವನ್ನು ಕಾಯಬೇಕು, ಅದರಲ್ಲೂ ಮಧ್ಯಾಹ್ನದ ಹೊತ್ತಾಗಬೇಕು. ಅದಕ್ಕೇ ಬಿಸಿಲು ಬಂದ ದಿನ ಊರಿನ ಕಾರುಗಳೆಲ್ಲ ಒಂದೇ ಕಡೆ ಸಾಲುಗಟ್ಟುತ್ತವೆ. ಮೊದಲು ಒತ್ತಡದ ನೀರಿನಿಂದ ತಳವನ್ನೂ ಚಕ್ರದ ಗೂಡುಗಳನ್ನೂ ತೊಳೆದು ಆಮೇಲೆ ಮೈಗೆ ಕೈಹಾಕಬೇಕು. ಉಪ್ಪು ಮತ್ತು ಮರಳಿನ ಹರಳುಗಳ ಮೇಲೆಯೇ ಬಟ್ಟೆಯಿಂದ ತಿಕ್ಕಿದರೆ ಬಣ್ಣಕ್ಕೆ ಗೀರು ಬೀಳುತ್ತದೆ.

ಮಂಜು ಕಟ್ಟಿದ ಗಾಜಿನ ಮೇಲೆ ಕುದಿಯುವ ನೀರು ಸುರಿದೀರಿ ಜೋಕೆ! ಬಿಸಿ ತಾಗಿದ ಜಾಗ ಹಿಗ್ಗುತ್ತದೆ, ಪಕ್ಕದ ತಣ್ಣನೆಯ ಜಾಗ ಹಿಗ್ಗುವುದಿಲ್ಲ. ಈ ಎಳೆದಾಟದಲ್ಲಿ ಗಾಜು ಬಿರುಕು ಬಿಡಬಹುದು. ಒಲೆಯ ಮೇಲಿಂದ ಇಳಿಸಿದ ಕಾಫಿಯನ್ನು ತಣ್ಣನೆಯ ಗಾಜಿನ ಲೋಟಕ್ಕೆ ಒಮ್ಮೆಲೇ ಸುರಿದು ಲೋಟ ಒಡೆದದ್ದನ್ನು ನೀವು ಕಂಡಿರಬಹುದು, ಇದೂ ಅದೇ. ನೀರು ಉಗುರುಬೆಚ್ಚಗಿದ್ದರೆ ಸಾಕು. ತೊಳೆದಾದ ಮೇಲೆ ಬಾಗಿಲಿನ ರಬ್ಬರ್ ಬೀಡಿಂಗು, ಬೀಗದ ಕಿಂಡಿ, ಪೆಟ್ರೋಲ್ ಮುಚ್ಚಳ ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಬೇಕು. ಇಲ್ಲದಿದ್ದರೆ ರಾತ್ರಿ ಅಲ್ಲಿ ಉಳಿದ ನೀರೇ ಹೆಪ್ಪುಗಟ್ಟಿ ಬೆಳಿಗ್ಗೆ ಬಾಗಿಲು ತೆರೆಯದೆ ಹಟ ಹಿಡಿಯುತ್ತದೆ. ಹೊರಡುವಾಗ ನಿಧಾನವಾಗಿ ಓಡಿಸುತ್ತ ಎರಡು ಮೂರು ಸಲ ಬ್ರೇಕನ್ನು ಮೆಲ್ಲಗೆ ಒತ್ತಿ ಅದರ ನೀರನ್ನೂ ಆರಿಸಬೇಕು.

ಮನೆಯ ಮುಂದೆಯೇ ತೊಳೆದರೆ ಇನ್ನೊಂದು ತಮಾಷೆ. ಕಾರಿನಿಂದ ಇಳಿದ ನೀರು ಅಂಗಳದಲ್ಲಿ ಹೆಪ್ಪುಗಟ್ಟಿ ಗಾಜಿನ ಹಾಸಾಗುತ್ತದೆ. ದಾರಿಹೋಕರು ಜಾರಿ ಬೀಳಬಾರದಲ್ಲ, ಅದಕ್ಕೆ ಮನೆಯವರು ಏನು ಹಾಕುತ್ತಾರೆ ಹೇಳಿ? ಉಪ್ಪು! ಉಪ್ಪು ತೊಳೆಯಲು ನೀರು, ಆ ನೀರಿಗೆ ಮತ್ತೆ ಉಪ್ಪು.

ತೊಳೆದದ್ದು ಎಲ್ಲಿಗೆ ಹೋಯಿತು?

ಈಗ ಕಾರು ಫಳಫಳ ಹೊಳೆಯುತ್ತಿದೆ. ಮಾಲೀಕನಿಗೆ ಸಮಾಧಾನ. ಆದರೆ ಉಪ್ಪು? ಅದು ಕರಗಿತೇ ಹೊರತು ಇಲ್ಲವಾಗಲಿಲ್ಲ. ಮನೆಯಂಗಳದಿಂದ ಹರಿದದ್ದು ಮಳೆನೀರಿನ ಚರಂಡಿ ಸೇರಿ ನೇರವಾಗಿ ಹತ್ತಿರದ ತೊರೆಗೋ ಕೆರೆಗೋ ಹೋಗುತ್ತದೆ. ಕಾರು ತೊಳೆಯುವ ಅಂಗಡಿಯ ನೀರು ಒಳಚರಂಡಿಯ ಮೂಲಕ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಅಲ್ಲಿ ಎಣ್ಣೆ, ಜಿಡ್ಡು, ಕೊಳೆಯನ್ನು ತೆಗೆಯುತ್ತಾರೆ. ಆದರೆ ಕರಗಿದ ಕ್ಲೋರೈಡನ್ನು ಹಿಡಿಯಲು ಮಾಮೂಲಿ ಘಟಕಗಳಿಗೆ ಬರುವುದಿಲ್ಲ. ಸೂಕ್ಷ್ಮಜೀವಿಗಳು ಅದನ್ನು ತಿನ್ನುವುದಿಲ್ಲ, ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ತಳದಲ್ಲಿ ಕೂರುವುದಿಲ್ಲ. ಸಮುದ್ರದ ನೀರನ್ನು ಸಿಹಿ ಮಾಡುವಂಥ ದುಬಾರಿ ಯಂತ್ರವೇ ಬೇಕು.

ಕಾರಿಗೆ ಅಂಟಿದ್ದು ಒಟ್ಟು ಉಪ್ಪಿನಲ್ಲಿ ಕಡಲೆಯಷ್ಟು. ಉಳಿದದ್ದೆಲ್ಲ ರಸ್ತೆಯಿಂದ ತಾನೇ ಹರಿದುಹೋಗುತ್ತದೆ. ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳ ಪ್ರದೇಶದಲ್ಲಿ ವರ್ಷಕ್ಕೆ ಮೂರು ಲಕ್ಷ ಟನ್ನಿಗೂ ಮಿಕ್ಕಿ ಉಪ್ಪು ರಸ್ತೆಗೆ ಬೀಳುತ್ತಿತ್ತು. ಅದರಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ನದಿಯೊಂದಿಗೆ ಹರಿದು ಹೋಗದೆ ಅಲ್ಲಿನ ಕೆರೆ, ಮಣ್ಣು, ಅಂತರ್ಜಲದಲ್ಲೇ ಉಳಿದುಬಿಡುತ್ತದೆ ಎಂದು ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಲೆಕ್ಕ ಹಾಕಿ ತೋರಿಸಿದರು. ವಾಹನಗಳ ನಂಬರ್ ಪ್ಲೇಟಿನ ಮೇಲೆ ‘ಹತ್ತು ಸಾವಿರ ಸರೋವರಗಳು’ ಎಂದು ಬರೆದುಕೊಳ್ಳುವ ರಾಜ್ಯವದು!

ಎಷ್ಟು ಉಪ್ಪಾದರೆ ಹೆಚ್ಚು? ಸಿಹಿನೀರಿನ ಜೀವಿಗಳಿಗೆ ಬಹುಕಾಲ ತೊಂದರೆಯಾಗದಿರಲು ಲೀಟರಿಗೆ 230 ಮಿಲಿಗ್ರಾಂ ಕ್ಲೋರೈಡ್ ಮೀರಬಾರದೆಂದು ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ 1988ರಲ್ಲಿ ಮಿತಿ ಹಾಕಿತು. ಮಕ್ಕಳು ಇಲ್ಲಿ ಪೆನ್ಸಿಲ್ ಹಿಡಿದು ಲೆಕ್ಕ ಮಾಡಬಹುದು. ಒಂದು ಟೀ ಚಮಚ ಉಪ್ಪು ಸುಮಾರು ಆರು ಗ್ರಾಂ. ಅದರಲ್ಲಿ ಕ್ಲೋರೈಡ್ ನೂರಕ್ಕೆ ಅರವತ್ತು, ಅಂದರೆ 3.6 ಗ್ರಾಂ. ಇದನ್ನು 230 ಮಿಲಿಗ್ರಾಂನಿಂದ ಭಾಗಿಸಿ. ಸುಮಾರು 16 ಲೀಟರ್ ಬರುತ್ತದೆ. ಒಂದು ಚಮಚ ಉಪ್ಪು ಒಂದು ಬಕೆಟ್ ನೀರನ್ನು ಮಿತಿಗೆ ತಂದು ಮುಟ್ಟಿಸುತ್ತದೆ. ಇನ್ನು ಟನ್ನುಗಳ ಲೆಕ್ಕವನ್ನು ನೀವೇ ಮಾಡಿಕೊಳ್ಳಿ.

ಕೆರೆಯೊಳಗೆ ಇನ್ನೊಂದು ಅನಾಹುತವೂ ನಡೆಯುತ್ತದೆ. ಉಪ್ಪುನೀರು ಭಾರ, ಹಾಗಾಗಿ ತಳಕ್ಕೆ ಹೋಗಿ ಕೂರುತ್ತದೆ. ಚಳಿದೇಶದ ಕೆರೆಗಳಲ್ಲಿ ವಸಂತದಲ್ಲಿ ಮೇಲಿನ ನೀರೂ ಕೆಳಗಿನ ನೀರೂ ಕಲೆತು ತಳದ ಜೀವಿಗಳಿಗೆ ಆಮ್ಲಜನಕ ತಲಪಬೇಕು. ತಳದ ನೀರು ಭಾರವಾಗಿಬಿಟ್ಟರೆ ಈ ಕಲೆತ ನಡೆಯುವುದಿಲ್ಲ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಪಕ್ಕದ ಇರಾಂಡಕ್ವಾಯ್ಟ್ ಕೊಲ್ಲಿಯಲ್ಲಿ ಹೀಗಾದದ್ದನ್ನು ವಿಜ್ಞಾನಿಗಳು 1971ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಕೆನಡಾ ಸರ್ಕಾರವಂತೂ ದೀರ್ಘ ಅಧ್ಯಯನದ ನಂತರ, ರಸ್ತೆಯ ಉಪ್ಪು ಪರಿಸರಕ್ಕೆ ವಿಷಕಾರಿ ಎಂಬ ತೀರ್ಮಾನಕ್ಕೆ 2001ರಲ್ಲಿ ಬಂದಿತು.

ಉಪ್ಪು ಕಾಂಕ್ರೀಟನ್ನೂ ಬಿಡುವುದಿಲ್ಲ. ಒಳಗಿನ ಕಂಬಿ ತುಕ್ಕು ಹಿಡಿದಾಗ ಉಬ್ಬುತ್ತದೆ, ಉಬ್ಬಿದ ಕಂಬಿ ಕಾಂಕ್ರೀಟನ್ನು ಸೀಳುತ್ತದೆ. 2006ರ ಸೆಪ್ಟೆಂಬರ್ 30ರಂದು ಕೆನಡಾದ ಲವಾಲ್ ನಗರದಲ್ಲಿ ಮೇಲ್ಸೇತುವೆಯೊಂದು ಕುಸಿದು ಐವರು ಸತ್ತರು. ಅಲ್ಲಿ ಮುಖ್ಯ ದೋಷ ಕಂಬಿಗಳನ್ನು ಸರಿಯಾದ ಜಾಗದಲ್ಲಿ ಕೂರಿಸದಿದ್ದದ್ದು, ಕಾಂಕ್ರೀಟು ಕಳಪೆಯಾಗಿದ್ದದ್ದು. ಆ ದುರ್ಬಲ ಕಾಂಕ್ರೀಟು ಹೆಪ್ಪುಗಟ್ಟಿ ಕರಗುವ ನೀರಿನಿಂದಲೂ ರಸ್ತೆಯ ಉಪ್ಪಿನಿಂದಲೂ ವರ್ಷ ವರ್ಷ ಸವೆದಿತ್ತು ಎಂದು ವಿಚಾರಣಾ ಆಯೋಗ ಹೇಳಿತು.

ಎಂಜಿನಿಗೆ ಒಗ್ಗದ ನೀರು

ಈಗ ಮಕ್ಕಳ ಕಥೆ. ಮಿಷಿಗನ್ ರಾಜ್ಯದ ಫ್ಲಿಂಟ್ ಎಂಬುದು ಕಾರುಗಳ ಊರು. ಜನರಲ್ ಮೋಟಾರ್ಸ್ ಕಂಪನಿ 1908ರಲ್ಲಿ ಹುಟ್ಟಿದ್ದು ಅಲ್ಲಿಯೇ. ಕಾಲಾಂತರದಲ್ಲಿ ಕೆಲಸಗಳು ಹೋಗಿ ಊರು ಬಡವಾಯಿತು. ಅಲ್ಲಿಯ ನಲ್ಲಿಗಳಿಗೆ ಹುರಾನ್ ಸರೋವರದ ಒಳ್ಳೆಯ ನೀರು ಡೆಟ್ರಾಯಿಟ್ ನಗರದ ಮೂಲಕ ಬರುತ್ತಿತ್ತು. ಹಣ ಉಳಿಸಲೆಂದು 2014ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಿ ಫ್ಲಿಂಟ್ ನದಿಯ ನೀರನ್ನೇ ಶುದ್ಧೀಕರಿಸಿ ಕೊಡತೊಡಗಿದರು.

ಹೊಸ ನೀರಿನಲ್ಲಿ ಕ್ಲೋರೈಡ್ ಹಲವು ಪಟ್ಟು ಹೆಚ್ಚು. ನದಿಗೆ ವರ್ಷಗಳಿಂದ ಹರಿದುಬಂದ ರಸ್ತೆಯ ಉಪ್ಪು ಅದಕ್ಕೆ ಒಂದು ಕಾರಣ, ಶುದ್ಧೀಕರಣಕ್ಕೆ ಬಳಸಿದ ರಾಸಾಯನಿಕ ಇನ್ನೊಂದು. ಇಂಥ ನೀರು ಕೊಳವೆಗಳನ್ನು ಕೊರೆಯದಂತೆ ಬೆರೆಸಬೇಕಾದ ಫಾಸ್ಫೇಟನ್ನು ಬೆರೆಸಲಿಲ್ಲ. ಅದೇ ದೊಡ್ಡ ತಪ್ಪು. ರಸ್ತೆಯ ಉಪ್ಪೊಂದನ್ನೇ ದೂರಿದರೆ ಅನ್ಯಾಯವಾದೀತು. ಆದರೆ ನೀರು ಲೋಹವನ್ನು ತಿನ್ನುವಂತಾಗಿತ್ತು ಎಂಬುದು ನಿಜ. ಹಳೆಯ ಸೀಸದ ಕೊಳವೆಗಳ ಒಳಗಿನ ರಕ್ಷಣಾ ಪದರ ಕಳಚಿ ಸೀಸ ನೀರಿಗೆ ಬಂತು.

ನೀರು ಬಣ್ಣಗೆಟ್ಟಿದೆ, ವಾಸನೆ ಬರುತ್ತಿದೆ, ಮಕ್ಕಳ ಮೈಮೇಲೆ ಗಂದೆ ಏಳುತ್ತಿದೆ ಎಂದು ತಾಯಂದಿರು ದೂರು ಕೊಟ್ಟರು. ಭಯವಿಲ್ಲ, ಕುಡಿಯಿರಿ ಎಂಬ ಉತ್ತರ ಬಂತು. ಅದೇ ಊರಿನ ಜನರಲ್ ಮೋಟಾರ್ಸ್ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿನ ಭಾಗಗಳು ಈ ನೀರು ತಾಗಿ ತುಕ್ಕು ಹಿಡಿಯತೊಡಗಿದವು. 2014ರ ಅಕ್ಟೋಬರ್‌ನಲ್ಲಿಯೇ ಕಾರ್ಖಾನೆ ಫ್ಲಿಂಟಿನ ನೀರನ್ನು ಬಿಟ್ಟು ಮತ್ತೆ ಹುರಾನ್ ಸರೋವರದ ನೀರಿಗೆ ಹೋಯಿತು. ಊರಿನ ಜನ ಮಾತ್ರ ಇನ್ನೂ ಒಂದು ವರ್ಷ, 2015ರ ಅಕ್ಟೋಬರ್‌ವರೆಗೆ, ಅದೇ ನೀರನ್ನು ಕುಡಿದರು. ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದೆ ಎಂದು ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟೀಶಾ 2015ರ ಸೆಪ್ಟೆಂಬರ್‌ನಲ್ಲಿ ಅಂಕಿಅಂಶ ಸಹಿತ ಪತ್ರಕರ್ತರ ಮುಂದೆ ಇಟ್ಟಾಗಲೂ ಮೊದಲು ಅಧಿಕಾರಿಗಳು ಅಲ್ಲಗಳೆದರು. ಎಳೆಯ ಮಿದುಳಿನ ಬೆಳವಣಿಗೆಗೆ ಸೀಸ ಮಾಡುವ ಹಾನಿಯನ್ನು ಆಮೇಲೆ ಯಾವ ಔಷಧಿಯೂ ಪೂರ್ತಿ ಸರಿಪಡಿಸಲಾರದು.

ಎಂಜಿನಿಗೆ ಬಾಯಿಲ್ಲ, ಆದರೂ ಅದರ ದೂರನ್ನು ಕೇಳಿದರು. ಬಾಯಿದ್ದ ತಾಯಂದಿರ ದೂರನ್ನು ಕೇಳಲಿಲ್ಲ. ಕಾರಿನ ತುಕ್ಕು ಕಣ್ಣಿಗೆ ಕಾಣುತ್ತದೆ, ಅದಕ್ಕೆ ಬೆಲೆ ಕಟ್ಟಬಹುದು, ಆದ್ದರಿಂದ ಕ್ಯೂ ನಿಂತು ತೊಳೆಯುತ್ತೇವೆ. ನೀರಿಗೆ ಹಿಡಿಯುವ ತುಕ್ಕು ಕಣ್ಣಿಗೆ ಕಾಣುವುದಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ನಮ್ಮ ಹಿರಿಯರು ಹೇಳಿದರು. ಇಲ್ಲಿ ಉಪ್ಪು ತಿಂದದ್ದು ರಸ್ತೆ, ನೀರು ಕುಡಿಯಬೇಕಾದದ್ದು ಮಕ್ಕಳು.

ಹಾಗಾದರೆ ಏನು ಮಾಡಬೇಕು?

ಉಪ್ಪನ್ನು ನಿಲ್ಲಿಸಿಬಿಡಿ ಎನ್ನುವುದು ಸುಲಭ. ಆಂಬುಲೆನ್ಸು, ಶಾಲೆಯ ಬಸ್ಸು ಓಡುವ ರಸ್ತೆಯಲ್ಲಿ ಮಂಜುಗಡ್ಡೆ ಉಳಿದರೂ ಪ್ರಾಣವೇ ಹೋಗುತ್ತದೆ. ಆದ್ದರಿಂದ ಅಲ್ಲಿನವರು ಕಂಡುಕೊಂಡ ದಾರಿ, ಬೇಕಾದಷ್ಟೇ ಹಾಕುವುದು. ಒಣ ಉಪ್ಪನ್ನು ಎರಚಿದರೆ ಒಂದಷ್ಟು ಪುಟಿದು ರಸ್ತೆಯ ಆಚೆ ಬೀಳುತ್ತದೆ. ಅದನ್ನು ಒದ್ದೆ ಮಾಡಿ ಹಾಕಿದರೆ ಅಂಟಿಕೊಳ್ಳುತ್ತದೆ. ಹಿಮ ಬೀಳುವ ಮೊದಲೇ ಉಪ್ಪುನೀರು ಸಿಂಪಡಿಸಿದರೆ ಗಡ್ಡೆ ರಸ್ತೆಯನ್ನು ಕಚ್ಚಿಕೊಳ್ಳುವುದೇ ಇಲ್ಲ, ಉಪ್ಪೂ ಕಡಿಮೆ ಸಾಕು. ಮಿನ್ನೆಸೋಟದಲ್ಲಿ ಹಿಮ ತೆಗೆಯುವವರಿಗೆ ಇದಕ್ಕೆಂದೇ ತರಬೇತಿ ಕೊಡುತ್ತಾರೆ. ಮನೆಯ ಮುಂದಿನ 20 ಅಡಿ ದಾರಿಗೆ ಒಂದು ಕಾಫಿ ಮಗ್ಗಿನಷ್ಟು ಉಪ್ಪು ಸಾಕು, ಉಳಿದದ್ದನ್ನು ಗುಡಿಸಿ ತೆಗೆದಿಟ್ಟುಕೊಳ್ಳಿ ಎಂದು ಜನರಿಗೂ ಹೇಳುತ್ತಾರೆ. ಸಲಿಕೆ ಹಿಡಿದು ಮೊದಲೇ ಹಿಮ ಎತ್ತಿದರೆ ಅಷ್ಟೂ ಬೇಕಾಗದು. ಪ್ರಯತ್ನಕ್ಕೆ ಫಲವುಂಟು. ರಾಚೆಸ್ಟರ್ ಸುತ್ತಮುತ್ತ 1974ರಿಂದ ಉಪ್ಪನ್ನು ತಗ್ಗಿಸಿದ ಮೇಲೆ ಇರಾಂಡಕ್ವಾಯ್ಟ್ ಕೊಲ್ಲಿಯ ನೀರು ಮತ್ತೆ ಚೆನ್ನಾಗಿ ಕಲೆಯತೊಡಗಿತು.

ನಮ್ಮ ರಸ್ತೆಗೆ ಯಾರೂ ಉಪ್ಪು ಹಾಕುವುದಿಲ್ಲ, ನಿಜ. ಆದರೆ ಕಾರು ತೊಳೆಯುವುದು ನಮ್ಮಲ್ಲೂ ಉಂಟು. ಮಳೆ ಕೈಕೊಟ್ಟು ಕೊಳವೆಬಾವಿಗಳು ಬತ್ತಿದಾಗ, 2024ರ ಮಾರ್ಚ್‌ನಲ್ಲಿ, ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಆಜ್ಞೆ ಹೊರಡಿಸಬೇಕಾಯಿತು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ಎದ್ದು ರಸ್ತೆಗೆ ಹಾರಿದ್ದನ್ನು ದೇಶವೆಲ್ಲ ನೋಡಿತು. ನಮ್ಮ ನಮ್ಮ ಬಚ್ಚಲಿನಿಂದ, ಒಗೆಯುವ ಕಲ್ಲಿನಿಂದ ಇಳಿದ ಸೋಪಿನ ಪುಡಿಯೂ ಆ ನೊರೆಯಲ್ಲಿತ್ತು. ಮನೆಯಿಂದ ಆಚೆ ಹೋದದ್ದು ಲೋಕದಿಂದ ಆಚೆ ಹೋಗುವುದಿಲ್ಲ. ಒಂದು ಬಕೆಟ್ ನೀರು, ಒಂದು ಒದ್ದೆ ಬಟ್ಟೆ ಇದ್ದರೆ ನಮ್ಮ ಧೂಳಿನ ಕಾರಿಗೆ ಸಾಕು. ಪೈಪು ಹಿಡಿದು ನಿಲ್ಲಬೇಕಾದ್ದೇನಿಲ್ಲ.

ಮಾಡಿ ನೋಡಿ

ಮಕ್ಕಳೇ, ಈ ಭಾನುವಾರ ಎರಡು ಬಟ್ಟಲುಗಳಲ್ಲಿ ಐಸಿನ ಚೂರು ತೆಗೆದುಕೊಳ್ಳಿ. ಒಂದಕ್ಕೆ ಎರಡು ಚಮಚ ಉಪ್ಪು ಬೆರೆಸಿ. ಶಾಲೆಯ ಥರ್ಮಾಮೀಟರ್ ಸಿಕ್ಕರೆ ಎರಡರ ಉಷ್ಣತೆಯನ್ನೂ ಐದೈದು ನಿಮಿಷಕ್ಕೆ ಬರೆದುಕೊಳ್ಳಿ. ಉಪ್ಪು ಹಾಕಿದ್ದು ಕರಗುತ್ತಲೇ ಸೊನ್ನೆಗಿಂತ ತಣ್ಣಗಾಗುತ್ತದೆ. ಅದನ್ನು ಬರಿಗೈಯಲ್ಲಿ ಹಿಡಿಯಬೇಡಿ, ಚರ್ಮ ಸುಟ್ಟಂತಾಗುತ್ತದೆ. ಹಾಗೆಯೇ ಮೂರು ಲೋಟಗಳಲ್ಲಿ ಒಂದೊಂದು ಕಬ್ಬಿಣದ ಮೊಳೆ ಇಡಿ. ಒಂದರಲ್ಲಿ ಏನೂ ಇಲ್ಲ, ಇನ್ನೊಂದರಲ್ಲಿ ಮೊಳೆ ಅರ್ಧ ಮುಳುಗುವಷ್ಟು ನೀರು, ಮೂರನೆಯದರಲ್ಲಿ ಅಷ್ಟೇ ಉಪ್ಪುನೀರು. ಒಂದು ವಾರ ದಿನವೂ ನೋಡಿ ಬರೆದಿಡಿ.

ಪ್ರಯೋಗ ಮುಗಿದ ಮೇಲೆ ಆ ಲೋಟದ ಉಪ್ಪುನೀರನ್ನು ಎಲ್ಲಿ ಚೆಲ್ಲುತ್ತೀರಿ? ಅಮ್ಮನ ತುಳಸಿ ಗಿಡದ ಬುಡಕ್ಕಂತೂ ಅಲ್ಲ, ಅಲ್ಲವೆ? ಮತ್ತೆಲ್ಲಿಗೆ? ಅಪ್ಪ ಅಮ್ಮನ ಜೊತೆ ಕೂತು ನಿಮ್ಮ ಮನೆಯ ಬಚ್ಚಲಿನ ನೀರು ಎಲ್ಲಿ ಹೋಗುತ್ತದೆ, ಯಾವ ಕೆರೆ ಸೇರುತ್ತದೆ, ಆ ಕೆರೆಯ ಕೆಳಗೆ ಯಾರ ಬಾವಿಯಿದೆ ಎಂದು ಹುಡುಕಿ ಒಂದು ನಕ್ಷೆ ಬರೆಯಿರಿ. ಅಪ್ಪನಿಗೆ ಗೊತ್ತಿರದಿದ್ದರೆ ಬೀದಿಯ ಕೊನೆಯವರೆಗೆ ನಡೆದುಹೋಗಿ ನೋಡಿಕೊಂಡು ಬನ್ನಿ.